ಉದುರಿದ ಮೊಗ್ಗನ್ನು ಸೀಳಿ ನೋಡಿ

ಈ ತಿಂಗಳು ಬಂದ ಪತ್ರಗಳಲ್ಲಿ ದಾಸವಾಳದ್ದೇ ಜಾಸ್ತಿ, ಅದೂ ಕಡಲ ಬದಿಯ ಊರುಗಳಿಂದ. ನನ್ನ ಮನೆಯೂ ಕುಂದಾಪುರದ ಹತ್ತಿರವೇ. ನಿಮ್ಮ ಮಣ್ಣು, ನಿಮ್ಮ ಮಳೆ ಎರಡೂ ನನಗೆ ಗೊತ್ತು.

ಪ್ರಶ್ನೆ: ಅಕ್ಕ, ನಮ್ಮದು ಕೋಟೇಶ್ವರ. ಮನೆಯಿಂದ ಸಮುದ್ರಕ್ಕೆ ಐದು ನಿಮಿಷದ ದಾರಿ. ಪಾಗಾರದ ಬದಿಯ ಮುದ್ದೆ ದಾಸವಾಳದಲ್ಲಿ ಮೊಗ್ಗು ರಾಶಿ ಬರುತ್ತದೆ. ಆದರೆ ಅರಳುವ ಮೊದಲೇ ಹಳದಿಯಾಗಿ ಉದುರುತ್ತದೆ. ವಾರಕ್ಕೊಮ್ಮೆ ನೆಲಗಡಲೆ ಹಿಂಡಿ ನೀರು ಕೊಡುತ್ತೇನೆ. ಇನ್ನೇನು ಹಾಕಲಿ?

ಉತ್ತರ: ಸದ್ಯಕ್ಕೆ ಏನೂ ಹಾಕಬೇಡಿ. ನಾಳೆ ಬೆಳಿಗ್ಗೆ ಉದುರಿದ ನಾಲ್ಕು ಮೊಗ್ಗು ಹೆಕ್ಕಿ, ಉಗುರಿನಿಂದ ಉದ್ದಕ್ಕೆ ಸೀಳಿ, ಬೆಳಕಿಗೆ ಹಿಡಿದು ನೋಡಿ. ಎಸಳುಗಳ ನಡುವೆ ಅಕ್ಕಿ ನುಚ್ಚಿಗಿಂತ ಸಣ್ಣ, ಬಿಳಿ ಇಲ್ಲವೇ ಹಳದಿ ಹುಳು ಹೊರಳಾಡುತ್ತಿದ್ದರೆ ನಿಮ್ಮ ಕಳ್ಳ ಸಿಕ್ಕಿದ ಹಾಗೆ. ಈ ಹುಳು ಮೊಗ್ಗಿನೊಳಗೆ ತಿಂದು, ಮೊಗ್ಗಿನ ಜೊತೆಗೇ ಕೆಳಗೆ ಬಿದ್ದು, ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಅಲ್ಲಿಂದ ಸಣ್ಣ ನೊಣವಾಗಿ ಎದ್ದು ಬಂದು ಮತ್ತೆ ಮೊಗ್ಗಿನಲ್ಲೇ ಮೊಟ್ಟೆ ಇಡುತ್ತದೆ. ಹಾಗಾಗಿ ಬಿದ್ದ ಮೊಗ್ಗನ್ನು ಗುಡಿಸಿ ಬುಡಕ್ಕೇ ಹಾಕುವುದು ದೊಡ್ಡ ತಪ್ಪು. ಗೊಬ್ಬರದ ಗುಂಡಿಗೂ ಬೇಡ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಒಂದು ವಾರ ಬಿಸಿಲಿಗಿಡಿ. ಎರಡು ತಿಂಗಳು ದಿನಾ ಹೆಕ್ಕಿದರೆ ಸಾಕು, ಕಾಟ ಇಳಿಯುತ್ತದೆ. ಮೊಗ್ಗಿನ ಒಳಗಿರುವ ಹುಳುವಿಗೆ ಮೇಲಿಂದ ಹೊಡೆದ ಮದ್ದು ತಾಗುವುದೇ ಕಷ್ಟ.

ಹುಳು ಕಾಣದಿದ್ದರೆ ನೀರಿನ ಕಡೆ ನೋಡಿ. ಬೇಸಿಗೆಯಲ್ಲಿ ಒಂದು ದಿನ ಎರಡು ಕೊಡಪಾನ, ಮರುದಿನ ಮರೆವು, ಹೀಗಾದರೆ ದಾಸವಾಳ ಮೊದಲು ಮೊಗ್ಗನ್ನೇ ಬಿಡುತ್ತದೆ. ಮುದ್ದೆ ಜಾತಿಯವು ಇನ್ನೂ ಸೂಕ್ಷ್ಮ. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹಾಸಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಸಮುದ್ರ ಹತ್ತಿರ ಅಂದಿರಿ, ಅಲ್ವಾ? ಏಪ್ರಿಲ್–ಮೇಯಲ್ಲಿ ಬಾವಿ ನೀರು ಸ್ವಲ್ಪ ಉಪ್ಪಾಗುತ್ತದೆಯೇ, ಬಾಯಿಗೆ ಹಾಕಿ ನೋಡಿ. ಎಲೆಯ ಅಂಚು ಸುಟ್ಟ ಹಾಗಿದ್ದರೆ ಉಪ್ಪಿನ ಕೆಲಸವೇ.

ಹಿಂಡಿಯನ್ನು ತಿಂಗಳಿಗೊಮ್ಮೆಗೆ ಇಳಿಸಿ. ಅದು ಎಲೆಗೆ ಬಲ ಕೊಡುತ್ತದೆ, ಹೂವಿಗೆ ಬೇಕಾದ ಪೊಟ್ಯಾಷ್ ಅದರಲ್ಲಿ ಕಡಿಮೆ. ಅದಕ್ಕೆ ನಮ್ಮ ಬಚ್ಚಲೊಲೆಯ ಬೂದಿ ಇದೆಯಲ್ಲ, ಮಡಲು, ತೆಂಗಿನ ಸಿಪ್ಪೆ ಉರಿಸಿದ್ದು! ನಮ್ಮ ಮುರಕಲ್ಲಿನ ಮಣ್ಣು ಹುಳಿ, ಬೂದಿ ಆ ಹುಳಿಯನ್ನೂ ತಗ್ಗಿಸುತ್ತದೆ. ಅಕ್ಟೋಬರ್‌ನಿಂದ ಮೇವರೆಗೆ ತಿಂಗಳಿಗೆ ಒಂದು ಮುಷ್ಟಿ, ಬುಡದಿಂದ ಒಂದು ಗೇಣು ದೂರಕ್ಕೆ. ಹಸಿ ಸೆಗಣಿಯ ಜೊತೆ ಕಲಸಬೇಡಿ, ಸೆಗಣಿಯ ಸತ್ವ ಗಾಳಿಗೆ ಹೋಗುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಬೂದಿ ಜಾಸ್ತಿಯಾಗಿದೆ, ನಿಲ್ಲಿಸಿ.

ಪ್ರಶ್ನೆ: ಹೊನ್ನಾವರದಿಂದ ಬರೆಯುತ್ತಿದ್ದೇನೆ. ಗಿಡದ ತುದಿಗೆಲ್ಲ ಬಿಳಿ ಹತ್ತಿ ಮೆತ್ತಿದ ಹಾಗಾಗಿದೆ, ಎಲೆ ಮುರುಟಿದೆ, ಇರುವೆ ಸಾಲು. ಕಡಿದು ಬಿಸಾಡಲೇ?

ಉತ್ತರ: ಕಡಿಯಬೇಡಿ, ದಯವಿಟ್ಟು. ಅದು ಹಿಟ್ಟು ತಿಗಣೆ. ತೀರಾ ಮುರುಟಿದ ತುದಿಗಳನ್ನಷ್ಟೇ ಕತ್ತರಿಸಿ ಸುಡಿ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಹಾರಿಸಿ. ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಸೇರಿಸಿ ಎಲೆಯ ಅಡಿಗೂ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ.

ಆದರೆ ಅದಕ್ಕೂ ಮೊದಲು ಹತ್ತು ನಿಮಿಷ ಗಿಡದ ಮುಂದೆ ಕೂತು ನೋಡಿ. ಆ ಬಿಳಿಯ ನಡುವೆ ಸ್ವಲ್ಪ ದೊಡ್ಡದಾದ, ಮೈಮೇಲೆ ಮೇಣದ ಎಳೆಗಳು ಇಳಿಬಿದ್ದ, ಸರಸರ ಓಡಾಡುವ ಹುಳು ಕಂಡರೆ ಅದು ತಿಗಣೆ ಅಲ್ಲ. ತಿಗಣೆಯನ್ನು ತಿನ್ನುವ ಗುಲಗಂಜಿ ಹುಳದ ಮರಿ. ಅದರ ತಾಯಿ ಕಪ್ಪು ಬೆನ್ನು, ಕಿತ್ತಳೆ ತಲೆಯದು. ಈ ಜಾತಿಯನ್ನು 1898ರಲ್ಲಿ ಕಾಫಿ ಗಿಡದ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದರು. ಒಂದು ಬೇಸಿಗೆಯಲ್ಲಿ ನಾನು ಗೊತ್ತಿಲ್ಲದೆ ಈ ಮರಿಗಳನ್ನೇ ಉಜ್ಜಿ ಉಜ್ಜಿ ತೆಗೆದಿದ್ದೆ. ಆ ವರ್ಷ ತಿಗಣೆ ಪಕ್ಕದ ಬೆಂಡೆ ಸಾಲಿಗೂ ಹಬ್ಬಿತು. ಇವತ್ತಿಗೂ ನೆನೆದರೆ ಬೇಸರವಾಗುತ್ತದೆ. ಮರಿ ಕಂಡರೆ ಆ ಗೆಲ್ಲಿಗೆ ಏನೂ ಸಿಂಪಡಿಸಬೇಡಿ.

ಇರುವೆಯನ್ನು ಮಾತ್ರ ತಡೆಯಲೇಬೇಕು. ತಿಗಣೆ ಬಿಡುವ ಸಿಹಿ ನೀರಿನ ಆಸೆಗೆ ಇರುವೆ ಅದನ್ನು ಕಾಯುತ್ತದೆ, ಗುಲಗಂಜಿ ಹುಳವನ್ನು ಓಡಿಸುತ್ತದೆ. ಕಾಂಡಕ್ಕೆ ಬಟ್ಟೆ ಸುತ್ತಿ, ಬಟ್ಟೆಯ ಮೇಲೆ ಗ್ರೀಸ್ ಸವರಿ. ಪಾಗಾರಕ್ಕೆ ತಾಗಿದ ಗೆಲ್ಲು ಕತ್ತರಿಸಿ, ಇಲ್ಲದಿದ್ದರೆ ಇರುವೆಗೆ ಅದೇ ಸೇತುವೆ.

ಪ್ರಶ್ನೆ: ನರ್ಸರಿಯಿಂದ ಹಳದಿ ದಾಸವಾಳ ತಂದಿದ್ದೆ. ಎರಡನೇ ವರ್ಷ ಕೆಂಪು ಹೂ ಬಿಡುತ್ತಿದೆ. ಮೋಸ ಹೋದೆನಾ?

ಉತ್ತರ: ಇಲ್ಲ. ಅದು ಕಸಿ ಗಿಡ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬುಡದ ಗಿಡ ಚಿಗುರಿ ಮೇಲೆ ಬಂದಿದೆ. ಗಂಟಿನ ಕೆಳಗಿನ ಚಿಗುರನ್ನೆಲ್ಲ ಮೂಲದಿಂದ ಕಿತ್ತು ತೆಗೆಯಿರಿ. ಮೇಲೆ ಒಂದು ಹಳದಿ ಗೆಲ್ಲಾದರೂ ಉಳಿದಿದ್ದರೆ ಗಿಡ ನಿಮ್ಮದೇ.

ಪ್ರಶ್ನೆ: ಅಜ್ಜಿಯ ಮನೆ ಮಾರುತ್ತಿದ್ದಾರೆ. ಅಲ್ಲಿನ ಬಿಳಿ ದಾಸವಾಳದ ಎಲೆಯ ಗೊಂಪಿನಲ್ಲೇ ನಾವೆಲ್ಲ ತಲೆ ತೊಳೆದದ್ದು. ಆ ಗಿಡವನ್ನು ಅಂಕೋಲೆಗೆ ತರಬಹುದಾ?

ಉತ್ತರ: ಈ ಪತ್ರವನ್ನು ಎರಡು ಸಲ ಓದಿದೆ. ಹಳೇ ಗಿಡವನ್ನು ಕಿತ್ತು ತಂದರೆ ಬದುಕುವುದು ಕಷ್ಟ, ಆದರೆ ಗೆಲ್ಲು ತಂದರೆ ಅದೇ ಗಿಡ ಬಂದ ಹಾಗೆಯೇ. ಒಂದೆರಡು ಸಾಲದು, ಹತ್ತು ತನ್ನಿ. ಪೆನ್ಸಿಲ್ ದಪ್ಪದ, ಎಳತೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಗೆಲ್ಲು, ಎಂಟು ಇಂಚು ಉದ್ದ. ಕೆಳಗೆ ಗಿಣ್ಣಿನ ಬಳಿ ಓರೆಯಾಗಿ ಕತ್ತರಿಸಿ. ಒದ್ದೆ ಬಟ್ಟೆ ಸುತ್ತಿ, ಮೇಲೆ ಬಾಳೆಎಲೆ ಕಟ್ಟಿದರೆ ದಾರಿಯಲ್ಲಿ ಬಾಡುವುದಿಲ್ಲ. ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ಚಿವುಟಿ, ಅರ್ಧ ಮರಳು ಅರ್ಧ ಮಣ್ಣು ತುಂಬಿದ ಚಟ್ಟಿಯಲ್ಲಿ ಊರಿ.

ಜೂನ್ ಮೊದಲ ಮಳೆಯ ಹೊತ್ತು ಇದಕ್ಕೆ ಒಳ್ಳೆಯದು. ಆದರೆ ಚಟ್ಟಿ ಜಗಲಿಯ ಮೇಲಿರಲಿ, ಅಂಗಳದ ಮಳೆಗೆ ಇಟ್ಟರೆ ಕೊಳೆಯುತ್ತದೆ. ಒಂದೂವರೆ ತಿಂಗಳು ಎಳೆದು ನೋಡಬೇಡಿ. ಸುಮ್ನೆ ಬಿಡಿ. ನವರಾತ್ರಿಯ ಹೊತ್ತಿಗೆ ನೆಲಕ್ಕೆ ಇಳಿಸಿ, ನೀರು ನಿಲ್ಲದ, ಐದಾರು ಗಂಟೆ ಬಿಸಿಲು ಬೀಳುವ ಜಾಗದಲ್ಲಿ. ಗೊಂಪಿಗೆ ಎಲೆ ಕೊಯ್ಯುವುದು ಎರಡನೇ ವರ್ಷದಿಂದ. ಅಷ್ಟರವರೆಗೆ ಅಜ್ಜಿಯ ಗಿಡಕ್ಕೆ ಎಲ್ಲ ಎಲೆಯೂ ಬೇಕು.