ಎಷ್ಟು ಓದಿದರೂ ಒಂದು ಸಾಲು ಬರೆಯಲಾಗದ ವಿದ್ಯಾರ್ಥಿನಿ: ಒಂದು ಆಪ್ತಸಲಹೆ ಪ್ರಕರಣ

ಆಕೆ ಬಂದಿದ್ದು ನಿದ್ದೆ ಬರಲ್ಲ ಅಂತ. ಸ್ನಾತಕೋತ್ತರ ಕೊನೆಯ ವರ್ಷ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಬರೆಯೋದಕ್ಕೆ ಆಕೆಯ ಒಪ್ಪಿಗೆಯೂ ಇದೆ. ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಮುಂದೆ, ಬೆಳಿಗ್ಗೆ ತಲೆಭಾರ, ಗೈಡ್ ಫೋನ್ ಮಾಡಿದರೆ ಎದೆ ಡವಡವ. ಪ್ರಬಂಧ ಕೊಡೋಕೆ ಏಳು ವಾರ ಉಳಿದಿತ್ತು. ಕಳೆದ ಎರಡು ತಿಂಗಳಲ್ಲಿ ಬರೆದಿದ್ದು ಒಂದೂವರೆ ಪುಟ.

"ಓದೋಕೆ ಆಗ್ತಿಲ್ವಾ?" ಅಂತ ಕೇಳಿದೆ. ಮಾತಾಡದೆ ಲ್ಯಾಪ್‌ಟಾಪ್ ತೆಗೆದು ನನ್ನ ಕಡೆ ತಿರುಗಿಸಿದಳು. ಬ್ರೌಸರ್‌ನಲ್ಲಿ ಟ್ಯಾಬ್‌ಗಳು ಎಷ್ಟು ಒತ್ತೊತ್ತಾಗಿ ಕೂತಿದ್ದವು ಅಂದರೆ ಒಂದರ ಹೆಸರೂ ಕಾಣುತ್ತಿರಲಿಲ್ಲ, ಬರೀ ಪುಟ್ಟ ಪುಟ್ಟ ಚಿತ್ರಗಳ ಸಾಲು. "ಯಾವುದನ್ನ ನಂಬೋದು ಗೊತ್ತಾಗ್ತಿಲ್ಲ ಮೇಡಂ. ಅದಕ್ಕೇ ಯಾವುದನ್ನೂ ಮುಚ್ಚಿಲ್ಲ."

ನಿಜವಾದ ವಿಷಯ ಹೊರಬಂದಿದ್ದು ಅರ್ಧ ಗಂಟೆ ಅದೂ ಇದೂ ಮಾತಾಡಿದ ಮೇಲೆ. ಎರಡು ತಿಂಗಳ ಹಿಂದೆ ಮೊದಲ ಅಧ್ಯಾಯದ ಕರಡು ಕೊಟ್ಟಿದ್ದಳು. ಗೈಡ್ ಮೂರು ರೆಫರೆನ್ಸ್‌ಗಳಿಗೆ ಸುತ್ತು ಹಾಕಿ, "ಇವು ಎಲ್ಲಿವೆ?" ಅಂತ ಬರೆದು ವಾಪಸ್ ಕಳಿಸಿದ್ದರು. ಹುಡುಕಿದರೆ ಎಲ್ಲೂ ಇಲ್ಲ. ಅವನ್ನು ಕೊಟ್ಟಿದ್ದು ಚಾಟ್‌ಬಾಟ್. ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ ಕೊಟ್ಟಿತ್ತು, ಲೇಖನ ಮಾತ್ರ ಯಾರೂ ಬರೆದೇ ಇರಲಿಲ್ಲ. ಗೈಡ್‌ಗೆ ಆಕೆ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಆವತ್ತಿನಿಂದ ತಾನು ಬರೆಯೋ ಒಂದೊಂದು ಸಾಲನ್ನೂ ಕಳ್ಳಮಾಲು ಥರ ನೋಡೋಕೆ ಶುರು ಮಾಡಿದ್ದಳು.

2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಹೀಗೇ ಚಾಟ್‌ಬಾಟ್ ಕೊಟ್ಟ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಹಾಕಿಸಿಕೊಂಡ ಕಥೆ ಹೇಳಿದೆ. ಇಂಟರ್ನೆಟ್‌ನಲ್ಲಿ ಹುಡುಕದೆ ತಾನೇ ಉತ್ತರ ಕೊಡುವಾಗ ಚಾಟ್‌ಬಾಟ್ ಯಾವ ಲೈಬ್ರರಿಯಿಂದಲೂ ತರೋದಿಲ್ಲ, ಈ ಪದದ ಮುಂದೆ ಯಾವ ಪದ ಬರೋದು ಸಹಜ ಅಂತ ಲೆಕ್ಕ ಹಾಕಿ ಜೋಡಿಸುತ್ತೆ, ಹಾಗಾಗಿ ರೆಫರೆನ್ಸ್ ನೋಡೋಕೆ ಥೇಟ್ ರೆಫರೆನ್ಸ್ ಥರಾನೇ ಇರುತ್ತೆ ಅಂದೆ. "ವಕೀಲರೂನಾ?" ಅಂತ ಮೊದಲ ಸಲ ನಕ್ಕಳು.

ಇಲ್ಲಿ ಒಂದು ಮಾತು ಹೇಳಬೇಕು. ಇಂಥ ಮಕ್ಕಳಿಗೆ ಮಾಹಿತಿ ಪರೀಕ್ಷಿಸೋದು ಗೊತ್ತಿಲ್ಲ ಅಂತ ನಾವು ಬೇಗ ತೀರ್ಮಾನ ಮಾಡಿಬಿಡ್ತೀವಿ. ಈಕೆ ತರಬೇತಿ ಮುಗಿಸಿದ್ದಳು. ಬ್ಯಾಗಲ್ಲಿ ಹಾಳೆ ಕೂಡ ಇತ್ತು: ಬರೆದವರು ಯಾರು, ತಾರೀಖು ಇದೆಯಾ, ವಿಳಾಸ ಡಾಟ್ ಆರ್ಗ್ ಅಂತ ಮುಗಿಯುತ್ತಾ, ಕಾಗುಣಿತ ಸರಿ ಇದೆಯಾ. ಪ್ರತಿ ಪುಟಕ್ಕೂ ಇಪ್ಪತ್ತು ನಿಮಿಷ ಟಿಕ್ ಹಾಕ್ತಾ ಕೂರುತ್ತಿದ್ದಳು. ಸಿಕ್ಕಿಹಾಕಿಕೊಂಡಿದ್ದೇ ಅಲ್ಲಿ. ಡಾಟ್ ಆರ್ಗ್ ವಿಳಾಸವನ್ನು ದುಡ್ಡು ಕೊಟ್ಟರೆ ಯಾರು ಬೇಕಾದರೂ ತಗೋಬಹುದು. ಒಳ್ಳೆ ಲೋಗೋ, ತಪ್ಪಿಲ್ಲದ ಕಾಗುಣಿತ ಮೋಸಗಾರರಿಗೂ ಸಿಗುತ್ತೆ, ಅಲ್ವಾ?

ಆಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಚೆನ್ನಾಗಿ ಹೊಂದುತ್ತೆ. 10 ಜನ ಪಿಎಚ್‌ಡಿ ಮಾಡಿದ ಇತಿಹಾಸಕಾರರು, 10 ಜನ ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು, ಅಂದರೆ ಸುದ್ದಿಯ ಸತ್ಯಾಸತ್ಯ ಪರೀಕ್ಷಿಸೋರು, 25 ಜನ ವಿದ್ಯಾರ್ಥಿಗಳು. ಕೆಲವು ವೆಬ್‌ಸೈಟ್‌ಗಳನ್ನು ಕೊಟ್ಟು, ಇವನ್ನು ನಂಬಬಹುದಾ ನೋಡಿ ಅಂದರು. ಇತಿಹಾಸಕಾರರು, ವಿದ್ಯಾರ್ಥಿಗಳು ಬಹುಪಾಲು ಅದೇ ಪುಟದಲ್ಲಿ ಕೂತು ಮೇಲಿಂದ ಕೆಳಗೆ ಓದಿ, ಅದರ ಅಂದಚಂದಕ್ಕೆ ಮರುಳಾದರು. ಫ್ಯಾಕ್ಟ್‌ಚೆಕರ್‌ಗಳು ಪುಟವನ್ನು ಸರಿಯಾಗಿ ನೋಡೋ ಮೊದಲೇ ಬಿಟ್ಟು ಎದ್ದರು, ಪಕ್ಕದ ಟ್ಯಾಬ್ ತೆಗೆದು ಇವರ ಬಗ್ಗೆ ಬೇರೆಯವರು ಏನಂತಾರೆ ಅಂತ ವಿಚಾರಿಸಿದರು. ಬಾಡಿಗೆಗೆ ಮನೆ ನೋಡೋಕೆ ಹೋದರೆ ಓನರ್ ಮಾತು ಹತ್ತು ಸಲ ಕೇಳಿ ಪ್ರಯೋಜನ ಇಲ್ಲ, ಪಕ್ಕದ ಮನೆಯವರನ್ನ ಕೇಳು ಅಂದೆ.

ಎರಡನೇ ಭೇಟಿಯಲ್ಲಿ ಅದನ್ನು ಮಾಡಿಯೇ ನೋಡಿದೆವು. ಆಕೆಯ ವಿಷಯ ಮೊಬೈಲ್ ಮತ್ತು ಗಮನ. ಬರೆದಿದ್ದ ಒಂದೂವರೆ ಪುಟದಲ್ಲೇ ಈ ಸಾಲಿತ್ತು: ಮನುಷ್ಯನ ಗಮನ 12 ಸೆಕೆಂಡಿನಿಂದ 8ಕ್ಕೆ ಇಳಿದಿದೆ, ಗೋಲ್ಡ್‌ಫಿಶ್‌ನದ್ದು 9. ಅದಕ್ಕೆ ಮೂಲ ಅಂತ ನಾಲ್ಕು ಪತ್ರಿಕಾ ಲೇಖನಗಳನ್ನು ಕೊಟ್ಟಿದ್ದಳು. "ನಾಲ್ಕು ಕಡೆ ಇದೆ ಮೇಡಂ." ಸರಿ, ಆ ನಾಲ್ಕೂ ಎಲ್ಲಿಂದ ತಂದವು? ನಾಲ್ಕೂ ಹೋಗಿ ನಿಂತಿದ್ದು ಒಂದೇ ಬಾಗಿಲಲ್ಲಿ, ಮೈಕ್ರೋಸಾಫ್ಟ್‌ನ ಕೆನಡಾ ವಿಭಾಗದ 2015ರ ಒಂದು ವರದಿ. ಆ ವರದಿಯೂ ಆ ಸಂಖ್ಯೆಯನ್ನು ಅಳೆದದ್ದಲ್ಲ, ಸ್ಟ್ಯಾಟಿಸ್ಟಿಕ್ ಬ್ರೈನ್ ಅನ್ನೋ ಸೈಟಿಂದ ಎತ್ತಿಕೊಂಡಿತ್ತು. 2017ರಲ್ಲಿ ಬಿಬಿಸಿಯವರು, ಆ ಸೈಟ್ ಮೂಲ ಅಂತ ಹೆಸರಿಸಿದ್ದ ಸಂಸ್ಥೆಗಳನ್ನೇ ಕೇಳಿದ್ದರು. ಅಂಥ ಸಂಶೋಧನೆಯ ದಾಖಲೆ ಅವರಲ್ಲಿ ಇರಲಿಲ್ಲ. ಇಷ್ಟಕ್ಕೆ ನಮಗೆ ಹಿಡಿದಿದ್ದು ಹದಿನೈದು ನಿಮಿಷ. ಆಕೆ ಆ ಸಾಲನ್ನು ಅಳಿಸಿ ಸುಮ್ನೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಆ ನಾಲ್ಕು ಟ್ಯಾಬ್ ಮುಚ್ಚಿದಳು. ನಾನು ಮುಚ್ಚು ಅಂತ ಹೇಳಿರಲಿಲ್ಲ.

ಆಮೇಲೆ ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಪ್ರಬಂಧದ ಎಲ್ಲ ಸಾಲಿಗೂ ಒಂದೇ ಅಳತೆಯ ಅನುಮಾನ ಬೇಡ. ನಿನ್ನ ವಾದ ನಿಂತಿರೋದು ಯಾವ ಸಾಲುಗಳ ಮೇಲೆ, ಅವಕ್ಕೆ ಗುರುತು ಹಾಕು. ಎಣಿಸಿದರೆ ಹನ್ನೊಂದು ಬಂತು. ಅವನ್ನು ಮಾತ್ರ ಬುಡದವರೆಗೆ ಹಿಡಿದು ಹೋಗು, ಉಳಿದದ್ದಕ್ಕೆ ಒಂದು ಒಳ್ಳೆ ಪಠ್ಯಪುಸ್ತಕ ಸಾಕು. ರೆಫರೆನ್ಸ್‌ನ ಡಿಒಐ ಸಂಖ್ಯೆಯನ್ನು, ಲೇಖನಕ್ಕೆ ಕೊಡೋ ಗುರುತಿನ ಸಂಖ್ಯೆ, 10 ಅಂತ ಶುರುವಾಗುತ್ತಲ್ಲ ಅದನ್ನು, ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿ ನೋಡು. ತೆರೆದರೆ ಸಾಲದು, ಶೀರ್ಷಿಕೆ ಅದೇನಾ ನೋಡು, ಚಾಟ್‌ಬಾಟ್ ಒಮ್ಮೊಮ್ಮೆ ಬೇರೆ ಯಾವುದೋ ಲೇಖನದ ಅಸಲಿ ಸಂಖ್ಯೆಯನ್ನೇ ಅಂಟಿಸಿರುತ್ತೆ. ಪ್ರಕಟಿಸಿದ ಪತ್ರಿಕೆಯವರೇ ಲೇಖನ ಹಿಂಪಡೆದಿದ್ದಾರಾ ಅಂತಾನೂ ನೋಡು: ಲಸಿಕೆಗೂ ಆಟಿಸಂಗೂ ನಂಟು ಹಾಕಿದ 1998ರ ಲೇಖನ ಬಂದಿದ್ದು ಲ್ಯಾನ್ಸೆಟ್‌ನಂಥ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ, ಅವರು ಅದನ್ನು ಪೂರ್ತಿ ಹಿಂಪಡೆದಿದ್ದು 2010ರಲ್ಲಿ. ವಿಕಿಪೀಡಿಯ ಓದು, ಧಾರಾಳವಾಗಿ ಓದು, ಆದರೆ ಉಲ್ಲೇಖಿಸೋದು ಅದರ ಅಡಿಟಿಪ್ಪಣಿಯಲ್ಲಿರೋ ಮೂಲವನ್ನು, ಅದೂ ನೀನೇ ತೆರೆದು ಓದಿದ ಮೇಲೆ. ದುಡ್ಡು ಕೇಳೋ ಲೇಖನ ಎದುರಾದರೆ ಗೂಗಲ್ ಸ್ಕಾಲರ್‌ನಲ್ಲಿ ಅದರ ಬೇರೆ ಪ್ರತಿಗಳನ್ನು ಹುಡುಕು, ಸಿಗದಿದ್ದರೆ ಲೇಖಕರಿಗೇ ಮೇಲ್ ಹಾಕು, ಎಷ್ಟೋ ಜನ ಖುಷಿಯಿಂದ ಕಳಿಸ್ತಾರೆ.

ಗ್ರಂಥಪಾಲಕರನ್ನು ಆಕೆ ಎರಡು ವರ್ಷದಲ್ಲಿ ಒಂದು ಸಲವೂ ಮಾತಾಡಿಸಿರಲಿಲ್ಲ. ಪುಸ್ತಕ ಕೊಡೋರು ಅಷ್ಟೇ ಅಂದುಕೊಂಡಿದ್ದಳಂತೆ. ಮೂಲ ಹುಡುಕೋಕೂ ಅವರನ್ನು ಕೇಳು ಅಂದೆ.

ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ಮುಚ್ಚು ಅಂದಿದ್ದು ಮೊದಲ ವಾರ ಸೋತುಹೋಯಿತು. ಮುಚ್ಚಿ, ಮೊಬೈಲಲ್ಲಿ ಹುಡುಕುತ್ತಿದ್ದಳು. ಬದಲಿಗೆ, ಹುಡುಕೋ ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆ, ಆ ಪ್ರಶ್ನೆಗೆ ನಲವತ್ತು ನಿಮಿಷ, ಸಿಗದಿದ್ದರೆ ಪ್ರಶ್ನೆ ಬದಲಿಸು ಅಂದೆ. ಇದು ನಡೆಯಿತು. ನಿದ್ದೆ ಪೂರ್ತಿ ಸರಿಹೋಯಿತು ಅಂತ ಹೇಳಲಾರೆ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಗೈಡ್‌ಗೆ ನಿಜ ಹೇಳೋದು. ನನ್ನೆದುರು ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದಳು: "ಆ ಮೂರು ರೆಫರೆನ್ಸ್ ಚಾಟ್‌ಬಾಟ್ ಕೊಟ್ಟಿದ್ದು ಸರ್, ನಾನು ತೆರೆದು ನೋಡಿರಲಿಲ್ಲ. ತೆಗೆದಿದ್ದೀನಿ." ಇಷ್ಟೇ. ಮೊದಲು ಅದರ ಹಿಂದೆ ಹತ್ತು ವಾಕ್ಯದ ಕ್ಷಮೆ ಇತ್ತು, ಅದನ್ನು ಕತ್ತರಿಸು ಅಂದೆ. ಅವರು ಬೈದರಾ? ಸ್ವಲ್ಪ. ಆಮೇಲೆ ಎರಡನೇ ಅಧ್ಯಾಯ ಯಾವಾಗ ಅಂತ ಕೇಳಿದರಂತೆ.

ಐದನೇ ಭೇಟಿಗೆ ಬಂದಾಗ ಕೂರೋ ಮೊದಲೇ ನನ್ನ ಹಿಂದಿನ ಗೋಡೆ ನೋಡ್ತಾ, "ಮೇಡಂ, ಅದರ ಮೂಲ ಯಾವುದು?" ಅಂದಳು. ಯಾವುದೇ ಅಭ್ಯಾಸಕ್ಕೆ 21 ದಿನ ಸಾಕು ಅನ್ನೋ ಪೋಸ್ಟರ್. ನಾನೇ ಅಂಟಿಸಿದ್ದು. ಇಬ್ಬರೂ ಸೇರಿ ಹುಡುಕಿದೆವು. ಸಿಕ್ಕಿದ್ದು 1960ರ ಒಂದು ಪುಸ್ತಕ, ಬರೆದವರು ಪ್ಲಾಸ್ಟಿಕ್ ಸರ್ಜನ್, ಹೇಳಿದ್ದು ಶಸ್ತ್ರಚಿಕಿತ್ಸೆ ಆದವರಿಗೆ ಹೊಸ ಮುಖ ಒಗ್ಗೋಕೆ ಕಡಿಮೆ ಅಂದರೂ 21 ದಿನ ಬೇಕು ಅಂತ. ಲಂಡನ್‌ನ ಸಂಶೋಧಕರು 96 ಜನರ ಮೇಲೆ ನಿಜವಾಗಿ ಅಧ್ಯಯನ ಮಾಡಿ, ಲೆಕ್ಕಕ್ಕೆ ಸರಿಯಾಗಿ ಹೊಂದಿದವರಲ್ಲಿ ಅಂದಾಜಿಸಿದಾಗ ಬಂದಿದ್ದು ಮಧ್ಯದ ಲೆಕ್ಕದಲ್ಲಿ 66 ದಿನ, ಒಬ್ಬೊಬ್ಬರಿಗೆ 18ರಿಂದ 254. ಎಷ್ಟು ಜನಕ್ಕೆ ನಾನು ಆ ಪೋಸ್ಟರ್ ತೋರಿಸಿ 21 ದಿನದ ಲೆಕ್ಕ ಹೇಳಿದ್ದೆನೋ. ಆಕೆ ಹೋದ ಮೇಲೆ ಕುರ್ಚಿ ಹತ್ತಿ ಅದನ್ನು ಕಿತ್ತೆ.