ಸುಂಕದವರ ಮುಂದೆ ಓದದೆ ಹಾಕಿದ ಸಹಿ

ಕುಂದಾಪುರ ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: "ಶಾರ್ಜಾದಲ್ಲಿ ಮೂರು ವರ್ಷ ದುಡಿದು ಹೆಂಡತಿಯ ಜೊತೆ ಊರಿಗೆ ಬಂದೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಬದಿಗೆ ಕರೆದು ಎರಡು ಗಂಟೆ ಕೂರಿಸಿದರು. ಹೆಂಡತಿಯ ಕೈಯಲ್ಲಿದ್ದ ನಾಲ್ಕು ಹಳೆಯ ಬಳೆ ತೆಗೆಸಿ ಇಟ್ಟುಕೊಂಡರು. ಫೋನಿನ ಲಾಕ್ ತೆಗೆಯಿರಿ ಎಂದರು, ತೆಗೆದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎರಡು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಏನಿತ್ತೋ ಇವತ್ತಿಗೂ ತಿಳಿಯದು. ಸಹಿ ಹಾಕದಿದ್ದರೆ ಹೊರಗೆ ಬಿಡುವುದಿಲ್ಲ ಎಂದಿದ್ದರು. ಸ್ವಂತ ದೇಶಕ್ಕೆ ಬರುವಾಗ ನಮಗೆ ಹಕ್ಕು ಅಂತ ಏನೂ ಇಲ್ಲವೇ? ನಮ್ಮ ಭಾವನ ಮಗ ಅಮೆರಿಕದ ಪ್ರಜೆ. ಅಲ್ಲಿ ಹೀಗೆಲ್ಲ ಇಲ್ಲ ಎನ್ನುತ್ತಾನೆ."

ಸಂಪಾದಕರ ಉತ್ತರ:

ಇದೆ, ಸ್ವಾಮಿ. ಬೇಕಾದಷ್ಟಿದೆ. ನಿಮ್ಮ ಪತ್ರದಲ್ಲಿ ಬಳೆ, ಫೋನು, ಎರಡು ಗಂಟೆ ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಆ ಎರಡು ಕಾಗದ. ಬಳೆ ವಾಪಸು ಬರಬಹುದು. ಓದದೆ ಹಾಕಿದ ಸಹಿಯನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ.

ಮೊದಲು ಅಧಿಕಾರಿಗಳ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಚಿನ್ನದ ಕಳ್ಳಸಾಗಣೆ ಇರುವುದು ನಿಜ. ಪುಡಿ ಮಾಡಿ, ಅಂಟಿನಂತೆ ಕಲಸಿ, ಮೈಯೊಳಗೆ ಬಚ್ಚಿಟ್ಟು ತರುವವರೂ ಇದ್ದಾರೆ. ನಡುರಾತ್ರಿ ಒಂದರ ಹಿಂದೊಂದು ಗಲ್ಫ್ ವಿಮಾನ ಇಳಿಯುವಾಗ ಯಾರು ಯಾರೆಂದು ಗುರುತಿಸುವುದು ಸುಲಭವಲ್ಲ. ಪ್ರಶ್ನೆ ಕೇಳುವ, ಚೀಲ ತೆರೆಸುವ ಅಧಿಕಾರ ಅವರಿಗೆ ಕಾನೂನೇ ಕೊಟ್ಟಿದೆ. ಅದೇ ಕಾನೂನು ನಿಮಗೂ ಕೆಲವನ್ನು ಕೊಟ್ಟಿದೆ. ಆ ಭಾಗವನ್ನು ಮಾತ್ರ ಯಾರೂ ನಿಮಗೆ ಓದಿ ಹೇಳುವುದಿಲ್ಲ.

ನೀವು ದಾಟಿದ್ದು ಎರಡು ಬೇರೆ ಬೇರೆ ಬಾಗಿಲು. ಮೊದಲನೆಯದು ಇಮಿಗ್ರೇಷನ್, ಗೃಹ ಸಚಿವಾಲಯದ್ದು. ಪಾಸ್‌ಪೋರ್ಟ್ ಅಸಲಿಯೇ, ಅದು ನಿಮ್ಮದೇ, ನಿಮ್ಮ ಹೆಸರಿನಲ್ಲಿ ಲುಕ್‌ಔಟ್ ಸುತ್ತೋಲೆ (ಈ ವ್ಯಕ್ತಿ ಬಂದರೆ ತಿಳಿಸಿ, ತಡೆಯಿರಿ ಎಂಬ ಸೂಚನೆ) ಇದೆಯೇ ಎಂದು ನೋಡುವುದು ಅವರ ಕೆಲಸ. ನೀವು ಭಾರತದ ಪ್ರಜೆ ಎಂದು ಖಚಿತವಾದ ಮೇಲೆ ದೇಶದೊಳಗೆ ಬಿಡುವುದಿಲ್ಲ ಎನ್ನುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ನಿಮ್ಮ ಮೇಲೆ ಪ್ರಕರಣವಿದ್ದರೆ ಪೊಲೀಸರಿಗೆ ಒಪ್ಪಿಸಬಹುದು, ಆದರೆ ಬಂದ ವಿಮಾನಕ್ಕೇ ಹತ್ತಿಸಿ ಕಳಿಸುವಂತಿಲ್ಲ. ಭಾರತ 1979ರಲ್ಲಿ ಒಪ್ಪಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿಯೂ ತನ್ನ ದೇಶಕ್ಕೆ ಬರುವ ಹಕ್ಕನ್ನು ಯಾರಿಂದಲೂ ಮನಬಂದಂತೆ ಕಸಿಯಬಾರದು ಎನ್ನುತ್ತದೆ. ಎರಡನೆಯ ಬಾಗಿಲು ಕಸ್ಟಮ್ಸ್, ಹಣಕಾಸು ಸಚಿವಾಲಯದ್ದು. ಬಿಳಿ ಸಮವಸ್ತ್ರದವರು. ಅವರಿಗೆ ಬೇಕಿರುವುದು ನಿಮ್ಮ ಸಾಮಾನಿನ ಲೆಕ್ಕ, ನಿಮ್ಮ ಪೌರತ್ವದ ಲೆಕ್ಕವಲ್ಲ. ಯಾರೇ ಬದಿಗೆ ಕರೆದರೂ "ತಾವು ಯಾವ ಇಲಾಖೆಯವರು, ಯಾವ ಸೆಕ್ಷನ್ ಅಡಿ ಕೇಳುತ್ತಿದ್ದೀರಿ" ಎಂದು ಮರ್ಯಾದೆಯಿಂದಲೇ ಕೇಳಿ. ಉತ್ತರವನ್ನೂ ಹೊತ್ತನ್ನೂ ಬೋರ್ಡಿಂಗ್ ಪಾಸಿನ ಹಿಂದೆ ಬರೆದುಕೊಳ್ಳಿ. ಮುಂದೆ ಮೇಲ್ಮನವಿ ಬರೆಯುವ ವಕೀಲರು ಮೊದಲು ಕೇಳುವುದು ಇದನ್ನೇ.

ಮೈ ತಪಾಸಣೆಯ ವಿಷಯ. 1962ರ ಕಸ್ಟಮ್ಸ್ ಕಾಯ್ದೆಯ 100 ಮತ್ತು 101ನೇ ಸೆಕ್ಷನ್‌ಗಳು ಅದಕ್ಕೆ ಅವಕಾಶ ಕೊಡುತ್ತವೆ. 102ನೇ ಸೆಕ್ಷನ್ ಅದಕ್ಕೆ ಕಡಿವಾಣ ಹಾಕುತ್ತದೆ. ನೀವು ಕೇಳಿದರೆ, ತಪಾಸಣೆಗೆ ಮುಂಚೆ ನಿಮ್ಮನ್ನು ಹತ್ತಿರದ ಗೆಜೆಟೆಡ್ ಕಸ್ಟಮ್ಸ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಡಮಾಡದೆ ಕರೆದೊಯ್ಯಲೇಬೇಕು. ಕಾರಣ ಸಾಲದು ಎನ್ನಿಸಿದರೆ ಅವರು ನಿಮ್ಮನ್ನು ಅಲ್ಲೇ ಬಿಟ್ಟುಬಿಡಬೇಕು. "ಕೇಳಿದರೆ" ಎಂಬ ಪದವನ್ನು ಗಮನಿಸಿ. ಕೇಳದವರ ಪಾಲಿಗೆ ಆ ಹಕ್ಕು ಇದ್ದೂ ಇಲ್ಲದಂತೆ. ತಪಾಸಣೆಗೆ ಕನಿಷ್ಠ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು, ಇರಬೇಕು, ಸಿಕ್ಕ ವಸ್ತುಗಳ ಪಟ್ಟಿಗೆ ಅವರ ಸಹಿ ಬೇಕು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ನಿಮ್ಮ ಹೆಂಡತಿಯ ಬಳೆ ತೆಗೆಸಿದವರು ಯಾರೆಂದು ನೀವು ಬರೆದಿಲ್ಲ. ಹೆಂಡತಿಯನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಎಕ್ಸ್‌ರೇ ತೆಗೆಸಬೇಕಾದರೆ 103ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಇಲ್ಲವೇ ನಿಮ್ಮ ಒಪ್ಪಿಗೆ ಬೇಕು. ಆ ಒಪ್ಪಿಗೆಯೂ ಬಹಳ ಸಲ ಒಂದು ಸಹಿಯ ರೂಪದಲ್ಲೇ ಬರುತ್ತದೆ.

ಇನ್ನು ಆ ಕಾಗದಗಳು. ನೀವು ಹೇಳುವುದನ್ನು ನೋಡಿದರೆ ಒಂದು 108ನೇ ಸೆಕ್ಷನ್ ಅಡಿಯ ಹೇಳಿಕೆ ಇರಬೇಕು. ಇದು ಪೊಲೀಸ್ ಠಾಣೆಯ ಹೇಳಿಕೆಯಂತಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಕಸ್ಟಮ್ಸ್ ಅಧಿಕಾರಿ ಪೊಲೀಸ್ ಅಧಿಕಾರಿಯಲ್ಲ ಎಂದು ಸುಪ್ರೀಂ ಕೋರ್ಟು 1968ರ ರಮೇಶ್ ಚಂದ್ರ ಮೆಹ್ತಾ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಹಾಗಾಗಿ 108ರ ಹೇಳಿಕೆ ಸ್ವಇಚ್ಛೆಯದಾಗಿದ್ದರೆ ಸಾಕ್ಷ್ಯವಾಗುತ್ತದೆ, ನಿಮ್ಮ ವಿರುದ್ಧವೇ ಓದಲ್ಪಡುತ್ತದೆ. ಸುಳ್ಳು ಹೇಳಿದರೆ ಅದೂ ಶಿಕ್ಷಾರ್ಹ. "ಏನೂ ಇಲ್ಲ, ಬರೀ ಫಾರ್ಮಾಲಿಟಿ" ಎಂಬ ಮಾತನ್ನು ನಂಬಬೇಡಿ. ಪ್ರಕರಣದ ಅಡಿಪಾಯವೇ ಆ ಕಾಗದ. ವಿಚಾರಣೆಯ ಹೊತ್ತಿನಲ್ಲಿ ವಕೀಲರು ಪಕ್ಕದಲ್ಲಿ ಕೂರುವ ಹಕ್ಕಿಲ್ಲ ಎಂದು 1992ರ ಪೂಲ್‌ಪಾಂಡಿ ತೀರ್ಪು ಹೇಳುತ್ತದೆ. 2011ರ ಜುಗಲ್ ಕಿಶೋರ್ ಸಮ್ರಾ ಪ್ರಕರಣದಲ್ಲಿ ಮಾತು ಕೇಳಿಸದಷ್ಟು ದೂರದಲ್ಲಿ, ಕಣ್ಣಿಗೆ ಕಾಣುವಂತೆ ವಕೀಲರು ಇರಬಹುದು ಎಂದು ಅದೇ ಕೋರ್ಟು ಒಪ್ಪಿತು. ರಾತ್ರಿ ಎರಡು ಗಂಟೆಗೆ ವಿಮಾನ ಇಳಿದವರಿಗೆ ವಕೀಲರು ಎಲ್ಲಿ ಸಿಗಬೇಕು? ಆಗ ಕಾಪಾಡುವುದು ನಿಮ್ಮ ಪೆನ್ನು ಮಾತ್ರ.

ಆ ಪೆನ್ನಿನಲ್ಲಿ ಕನ್ನಡ ಬರೆಯಬಹುದಿತ್ತಲ್ಲ! ಇಲ್ಲಿ ನಿಮ್ಮ ಮೇಲೆ ನನಗೆ ಸ್ವಲ್ಪ ಬೇಸರವಿದೆ. ಸಂಪಾದಕರಿಗೆ ಇಷ್ಟು ಚೊಕ್ಕ ಕನ್ನಡದಲ್ಲಿ ನಾಲ್ಕು ಪುಟ ಬರೆಯಬಲ್ಲ ನೀವು ಅಲ್ಲಿ ಕನ್ನಡದ ಒಂದು ಸಾಲು ಬರೆಯಲಿಲ್ಲವೇಕೆ? ಹೇಳಿಕೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂದು 108ನೇ ಸೆಕ್ಷನ್ ಎಲ್ಲಿಯೂ ಹೇಳುವುದಿಲ್ಲ. "ನನ್ನ ಹೇಳಿಕೆಯನ್ನು ನನ್ನ ಕೈಯಿಂದ ಕನ್ನಡದಲ್ಲಿ ಬರೆದುಕೊಡುತ್ತೇನೆ" ಎನ್ನಿ. ಆಗಲೇ ಟೈಪ್ ಮಾಡಿಟ್ಟಿದ್ದರೆ ಸಹಿಗೆ ಮೇಲೆ "ಇದು ಇಂಗ್ಲಿಷಿನಲ್ಲಿದೆ, ನನಗೆ ಓದಲು ಬರುವುದಿಲ್ಲ, ಕನ್ನಡದಲ್ಲಿ ವಿವರಿಸಿಲ್ಲ" ಎಂದು ಬರೆದು ದಿನಾಂಕ, ಹೊತ್ತು ಹಾಕಿ. ಖಾಲಿ ಬಿಟ್ಟ ಜಾಗಕ್ಕೆಲ್ಲ ಅಡ್ಡಗೆರೆ ಎಳೆಯಿರಿ. ಪ್ರತಿ ಕೇಳಿ. ಆ ಒಂದು ಸಾಲು ಎಷ್ಟು ತೂಗುತ್ತದೆ ಎಂಬುದು ಮುಂದೆ ಕೋರ್ಟಿನಲ್ಲಿ ಗೊತ್ತಾಗುತ್ತದೆ.

ಭಾಷೆಯ ಮಾತು ನನ್ನ ಹಟವೆಂದು ತಿಳಿಯಬೇಡಿ. 1962ರ ಹರಿಕಿಸನ್ ಪ್ರಕರಣ ನೋಡಿ. ಮಹಾರಾಷ್ಟ್ರದಲ್ಲಿ ಮುನ್ನೆಚ್ಚರಿಕೆಯ ಬಂಧನಕ್ಕೆ ಒಳಗಾದವರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರು. ಹಿಂದಿಯಲ್ಲಿ ಕೊಡಿ ಎಂದು ಅವರು ಬೇಡಿದರು. ಇಂಗ್ಲಿಷೇ ಆಡಳಿತ ಭಾಷೆ ಎಂದು ನಿರಾಕರಿಸಿದರು. ಸುಪ್ರೀಂ ಕೋರ್ಟು ಬಂಧನವನ್ನೇ ರದ್ದು ಮಾಡಿತು. 1981ರ ಲಲ್ಲುಭಾಯಿ ಜೋಗಿಭಾಯಿ ಪಟೇಲ್ ಪ್ರಕರಣ ನಿಮ್ಮದಕ್ಕೆ ಇನ್ನೂ ಹತ್ತಿರ. ಕಳ್ಳಸಾಗಣೆ ತಡೆಯುವ ಕಾಫಿಪೋಸಾ ಕಾಯ್ದೆಯಡಿ ಬಂಧಿತರಾದ ಅವರಿಗೆ ಬರುತ್ತಿದ್ದುದು ಗುಜರಾತಿ ಒಂದೇ. ಕಾಗದ ಇಂಗ್ಲಿಷಿನದು. ಗುಜರಾತಿಯಲ್ಲಿ ಬಾಯಿಮಾತಿನಲ್ಲಿ ವಿವರಿಸಿದ್ದೇವೆ ಎಂದು ಅಧಿಕಾರಿ ಪ್ರಮಾಣಪತ್ರ ಸಲ್ಲಿಸಿದರು. ಅಷ್ಟು ಸಾಲದು, ಬರಹದಲ್ಲೇ ಅನುವಾದ ಕೊಡಬೇಕಿತ್ತು ಎಂದು ಕೋರ್ಟು ಹೇಳಿತು. ಅವು ಬಂಧನದ ಪ್ರಕರಣಗಳು, ನಿಮ್ಮದು ಬರೀ ವಿಚಾರಣೆ, ಒಪ್ಪುತ್ತೇನೆ. ಆದರೂ ಅರ್ಥವಾಗದ ಭಾಷೆಯಲ್ಲಿ ತಿಳಿಸಿದ್ದು ತಿಳಿಸಿದಂತೆ ಆಗುವುದಿಲ್ಲ ಎಂಬ ನ್ಯಾಯ ಬಂಧಿತನಿಗೆ ಒಂದು, ಬಳೆ ಕಳೆದುಕೊಂಡವನಿಗೆ ಇನ್ನೊಂದು ಆಗಲು ಹೇಗೆ ಸಾಧ್ಯ?

ನಿಮ್ಮ ಎರಡನೆಯ ಕಾಗದ, ನನ್ನ ಅಂದಾಜಿನಲ್ಲಿ, "ನನಗೆ ಶೋಕಾಸ್ (ಕಾರಣ ಕೇಳುವ) ನೋಟಿಸೂ ಬೇಡ, ಖುದ್ದು ವಿಚಾರಣೆಯೂ ಬೇಡ" ಎಂಬ ಅಚ್ಚಾದ ನಮೂನೆ. ಹಾಗಿದ್ದರೆ ಧೈರ್ಯವಾಗಿರಿ. ವಸ್ತುವನ್ನು ಮುಟ್ಟುಗೋಲು ಹಾಕುವ ಮುಂಚೆ ಕಾರಣ ತಿಳಿಸಿ ನಿಮ್ಮ ಮಾತು ಕೇಳಬೇಕು ಎನ್ನುತ್ತದೆ 124ನೇ ಸೆಕ್ಷನ್. ಅಚ್ಚಾದ ನಮೂನೆಗೆ ಸಹಿ ಹಾಕಿಸಿಕೊಂಡು ಈ ಹಕ್ಕನ್ನು ತಪ್ಪಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟು 2025ರಲ್ಲಿ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಖಡಾಖಂಡಿತವಾಗಿ ಹೇಳಿದೆ. 110ನೇ ಸೆಕ್ಷನ್ ಪ್ರಕಾರ ವಶಪಡಿಸಿಕೊಂಡ ಆರು ತಿಂಗಳೊಳಗೆ ನೋಟಿಸ್ ಬರಬೇಕು. ಕಾರಣ ಬರೆದು, ಅವಧಿ ಮುಗಿಯುವ ಮುಂಚೆಯೇ ನಿಮಗೆ ತಿಳಿಸಿ, ಇನ್ನು ಆರು ತಿಂಗಳು ಮಾತ್ರ ಮುಂದೂಡಬಹುದು. ಅದೂ ಆಗದಿದ್ದರೆ ವಸ್ತುವನ್ನು ಹಿಂತಿರುಗಿಸಬೇಕು.

ಬಳೆ ಹಳೆಯದು, ಮೈಮೇಲಿನದು ಎಂದಿರಿ. ಮೈಮೇಲೆ ಧರಿಸುವ ಸ್ವಂತ ಒಡವೆಯನ್ನೂ ಹೊಸದಾಗಿ ಕೊಂಡು ತರುವ ಒಡವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು 2024ರಲ್ಲಿ ಅದೇ ಹೈಕೋರ್ಟು ಹೇಳಿದೆ. ಮದುವೆ ಫೋಟೊದಲ್ಲಿ ಆ ಬಳೆ ಕಾಣುತ್ತದೆಯೇ ನೋಡಿ, ಅದು ಒಳ್ಳೆಯ ಪುರಾವೆ. ಮುಂದಿನ ಸಲ ಹೋಗುವಾಗಲೇ ಹೊರಡುವ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬರುವಾಗ ಅದನ್ನು ತೋರಿಸಿದರೆ ಸುಂಕದ ಮಾತಿಲ್ಲ. ಇದಕ್ಕಾಗಿ ಒಂದು ಗಂಟೆ ಮೊದಲೇ ಹೋಗಿ. ಹೊಸ ಒಡವೆ ತಂದಿದ್ದರೆ ಸುಮ್ಮನೆ ಹಸಿರು ದಾರಿಯಲ್ಲಿ ನಡೆಯಬೇಡಿ. ಮಿತಿ ಮೀರಿದ್ದನ್ನು ಹಿಡಿದು ಹಸಿರು ದಾರಿಗೆ ಕಾಲಿಟ್ಟರೆ, ಏನೂ ಇಲ್ಲವೆಂದು ಸುಳ್ಳು ಹೇಳಿದಂತೆಯೇ ಲೆಕ್ಕ. ಕೆಂಪು ದಾರಿಯಲ್ಲಿ ಹೋಗಿ 77ನೇ ಸೆಕ್ಷನ್ ಪ್ರಕಾರ ಘೋಷಿಸಿ. ಸುಂಕ ಕಟ್ಟಲು ದುಡ್ಡಿಲ್ಲದಿದ್ದರೆ, ಮತ್ತೆ ಹೋಗುವಾಗ ಹಿಂದಕ್ಕೆ ಪಡೆಯುತ್ತೇನೆಂದು 80ನೇ ಸೆಕ್ಷನ್ ಅಡಿ ಅಲ್ಲೇ ಇಟ್ಟು ರಸೀದಿ ಕೇಳಬಹುದು. ನಿಜ ಹೇಳಿದವರಿಗೆ ಮಾತ್ರ ಈ ಅನುಕೂಲ. ಇನ್ನು ಮಿತಿಯ ಮಾತು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದ ಹೆಂಗಸಿಗೆ ಸುಂಕವಿಲ್ಲದೆ 40 ಗ್ರಾಂ ಒಡವೆ ಎಂದ 2016ರ ನಿಯಮ ಅದರ ಜೊತೆಗೇ 1 ಲಕ್ಷ ರೂಪಾಯಿಯ ಮಿತಿಯನ್ನೂ ಹಾಕಿತ್ತು. ಚಿನ್ನದ ಬೆಲೆ ಏರಿದಂತೆ ಗ್ರಾಮಿನ ಲೆಕ್ಕಕ್ಕೆ ಅರ್ಥವೇ ಉಳಿಯಲಿಲ್ಲ. ಎಷ್ಟೋ ಮರ್ಯಾದಸ್ಥರು ತಪ್ಪಿತಸ್ಥರ ಬೆಂಚಿನ ಮೇಲೆ ಕೂತದ್ದು ಇದರಿಂದಲೇ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ತಪ್ಪದೆ ನೋಡಿಕೊಳ್ಳಿ.

ಫೋನಿನ ವಿಷಯದಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ 2021ರ ವೀರೇಂದ್ರ ಖನ್ನಾ ತೀರ್ಪು ಇದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ನೀವು ಕೊಡಬಹುದು. ಕೊಡದಿದ್ದರೆ ಅವರು ಕೋರ್ಟಿಗೆ ಹೋಗಬೇಕು, ಅಲ್ಲೇ ನಿಮ್ಮ ಬೆರಳು ಹಿಡಿದು ಒತ್ತಿಸುವಂತಿಲ್ಲ. ಅದು ಪೊಲೀಸ್ ತನಿಖೆಯ ಪ್ರಕರಣ, ವಿಮಾನ ನಿಲ್ದಾಣದ್ದಲ್ಲ. ಹಾಗಿದ್ದರೂ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ನೆನೆದಾಗ ಹೆಮ್ಮೆಯಾಗುತ್ತದೆ. ಫೋನ್ ತೆಗೆದುಕೊಂಡರೆ ಮಹಜರಿನಲ್ಲಿ ಅದರ ಐಎಂಇಐ ಸಂಖ್ಯೆ ಬರೆಸಿ. ಪಾಸ್‌ಪೋರ್ಟ್ ಇಟ್ಟುಕೊಂಡರೂ ಬರಹದಲ್ಲಿ ರಸೀದಿ ಕೇಳಿ. ಅದನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಎಂದು 2008ರ ಸುರೇಶ್ ನಂದಾ ತೀರ್ಪು ಹೇಳುತ್ತದೆ.

ನಿಮ್ಮ ಭಾವನ ಮಗನಿಗೆ ಹೇಳಿ, ಅಮೆರಿಕ ಸ್ವರ್ಗವೇನಲ್ಲ. ಅಲ್ಲಿ ಗಡಿಯಲ್ಲಿ ವಾರಂಟ್ ಇಲ್ಲದೆಯೇ ಫೋನ್ ನೋಡುತ್ತಾರೆ. ಪಾಸ್‌ವರ್ಡ್ ಕೊಡದ ಪ್ರಜೆಯನ್ನು ಒಳಗೆ ಬಿಡಲೇಬೇಕು, ಫೋನನ್ನು ಮಾತ್ರ ಇಟ್ಟುಕೊಳ್ಳಬಹುದು. ಬ್ರಿಟನ್ನಿನಲ್ಲಿ 2000ದ ಭಯೋತ್ಪಾದನಾ ಕಾಯ್ದೆಯ 7ನೇ ಅನುಸೂಚಿಯಡಿ ಆರು ಗಂಟೆಯವರೆಗೆ ಹಿಡಿದಿಡಬಹುದು, ಉತ್ತರ ಕೊಡದಿದ್ದರೆ ಅದೇ ಅಪರಾಧ. ಎಲ್ಲ ಕಡೆಯೂ ಗಡಿಯಲ್ಲಿ ಪ್ರಜೆ ಸ್ವಲ್ಪ ಕುಗ್ಗುತ್ತಾನೆ. ಆದರೆ ಆ ದೇಶಗಳಲ್ಲಿ ಬಹುಪಾಲು ಪ್ರಜೆಗಳಿಗೆ ತಮ್ಮ ಮೇಲಿನ ಕಾಗದವನ್ನು ಓದಲಾದರೂ ಬರುತ್ತದೆ.

ನನ್ನ ಸಂಕಟ ಅಲ್ಲೇ. ಸುಂಕ ನಮಗೆ ಹೊಸದಲ್ಲ. ಹೆಜ್ಜುಂಕ, ವಡ್ಡರಾವುಳ ಎಂಬ ಹಳೆಯ ಕಾಲದ ಸುಂಕಗಳ ಲೆಕ್ಕವನ್ನು ನಮ್ಮ ಹಿರಿಯರು ಕಲ್ಲಿನ ಮೇಲೆ ಕನ್ನಡದಲ್ಲೇ ಕೆತ್ತಿಸಿದರು, ಕೊಡುವವನೂ ಓದಿಕೊಳ್ಳಲಿ ಎಂದು. ಶರಣರಲ್ಲಿ ಒಬ್ಬರು ಸುಂಕದ ಬಂಕಣ್ಣ. ಸುಂಕ ವಸೂಲಿ ಮಾಡುವವನೂ ಜನರ ಮಾತಿನಲ್ಲೇ ವಚನ ಬರೆದ ನಾಡು ಇದು. ಇವತ್ತು ಕೇಂದ್ರದ ಅಧಿಸೂಚನೆ, ನಿಯಮಗಳೆಲ್ಲ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಲೇಬೇಕೆಂದು 1963ರ ಅಧಿಕೃತ ಭಾಷೆಗಳ ಕಾಯ್ದೆ ಹೇಳುತ್ತದೆ. ಕನ್ನಡದಲ್ಲಿ ಇರಲೇಬೇಕೆಂದು ಹೇಳುವ ಕಾಯ್ದೆ ಇಲ್ಲ. ಕರಾವಳಿಯ ಮನೆಮನೆಯಿಂದ ಗಲ್ಫಿಗೆ ಹೋದವರ ದುಡ್ಡು ಬೇಕು, ಅವರಿಗೆ ತಿಳಿಯುವ ಭಾಷೆಯಲ್ಲಿ ಒಂದು ನಮೂನೆ ಅಚ್ಚು ಹಾಕಿಸುವುದು ಬೇಡವೇ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಂಕದವನ ಕಲ್ಲೆದೆಯ ಬಗ್ಗೆ ಹುಟ್ಟಿದ್ದು. ಈಗಿನ ಸುಂಕದವರಿಗೆ ನಮ್ಮ ಸುಖದುಃಖದ ಭಾಷೆಯೇ ತಿಳಿಯದಿದ್ದರೆ ಹೇಳುವುದಾದರೂ ಯಾರಿಗೆ?

ಈಗ ನೀವು ಮಾಡಬೇಕಾದ್ದು. ಈ ವಾರವೇ ಒಂದು ಪತ್ರ ಬರೆಯಿರಿ, ಆ ನಿಲ್ದಾಣದ ಕಸ್ಟಮ್ಸ್ ಆಯುಕ್ತರ ಹೆಸರಿಗೆ. ಬಳೆ ಇಟ್ಟುಕೊಂಡಾಗ ರಸೀದಿ ಕೊಟ್ಟಿದ್ದರೆ ಅದರ ಸಂಖ್ಯೆ, ದಿನಾಂಕ ಹಾಕಿ. ಕಾಗದದಲ್ಲಿ ಏನಿದೆಯೆಂದು ತಿಳಿಯದೆ, ಹೊರಗೆ ಬಿಡುವುದಿಲ್ಲ ಎಂದದ್ದಕ್ಕೆ ಹೆದರಿ ಸಹಿ ಹಾಕಿದ್ದೇನೆ, ಆ ಹೇಳಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ, ಎರಡೂ ಕಾಗದಗಳ ಪ್ರತಿ ಕೊಡಿ, ನೋಟಿಸ್ ಮತ್ತು ವಿಚಾರಣೆ ಎರಡೂ ಬೇಕು ಎಂದು ಬರೆಯಿರಿ. ಹಿಂತೆಗೆತ ತಡವಾದಷ್ಟೂ ಕೋರ್ಟು ಅನುಮಾನಿಸುತ್ತದೆ. ಈಗಾಗಲೇ ಆದೇಶ ಬಂದಿದ್ದರೆ ಅದು ಕೈಸೇರಿದ 60 ದಿನದೊಳಗೆ ಕಸ್ಟಮ್ಸ್ ಆಯುಕ್ತರಿಗೆ (ಮೇಲ್ಮನವಿ) ಅರ್ಜಿ. ಅಲ್ಲೂ ಸೋತರೆ, ಬ್ಯಾಗೇಜ್ ಪ್ರಕರಣವಾದ್ದರಿಂದ ನ್ಯಾಯಮಂಡಳಿಗೆ ಹೋಗಲಾಗದು. 129ಡಿಡಿ ಸೆಕ್ಷನ್ ಅಡಿ ಮೂರು ತಿಂಗಳೊಳಗೆ ಕೇಂದ್ರ ಸರ್ಕಾರಕ್ಕೇ ಪುನರ್ವಿಮರ್ಶೆಯ ಅರ್ಜಿ ಹಾಕಬೇಕು. ಇದು ತಿಳಿಯದೆ ತಪ್ಪು ಬಾಗಿಲು ತಟ್ಟಿ ಅವಧಿ ಕಳೆದುಕೊಳ್ಳುವವರು ಇದ್ದಾರೆ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಮತ್ತು ಅದನ್ನು ಕನ್ನಡದಲ್ಲೇ ಬರೆಯಿರಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಯಾವುದೇ ಅಧಿಕಾರಿಗೆ ಕೇಂದ್ರದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ, ರಾಜ್ಯದ ಅಧಿಕಾರಿಗೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು ಎನ್ನುತ್ತದೆ ಸಂವಿಧಾನದ 350ನೇ ವಿಧಿ. ಪತ್ರದ ತುದಿಯಲ್ಲಿ ಆ ವಿಧಿಯ ಸಂಖ್ಯೆಯನ್ನೂ ಬರೆದು, ಅದರ ಕೆಳಗೆ ಸಹಿ ಹಾಕಿ.