‘ಐ ಫೆಲ್ ದ ಪ್ಲೇಟ್’ ಯಾಕ ತಪ್ಪು?

‘ತಾಟು ಬೀಳಿಸಿದೆ’ ಅನ್ನೋದಕ್ಕ ‘ಫಾಲ್’ನ ಭೂತಕಾಲ ‘ಫೆಲ್’ ಹಾಕೋ ಈ ತಪ್ಪು ಬರೋದು ನಮ್ಮ ‘ಬೀಳು–ಬೀಳಿಸು’ ಜೋಡಿಯಿಂದ. ಇಂಗ್ಲಿಷಿನ ‘ಫಾಲ್’ಗೆ ‘ಇಸು’ ಹತ್ತೂದಿಲ್ಲ. ಮೊದಲು ‘ಏನನ್ನು?’ ಅಂತ ಕೇಳ್ಕೋರಿ. ತಾಟನ್ನು ಅಂತ ಉತ್ತರ ಬಂದ್ರ ‘ಐ ಡ್ರಾಪ್ಡ್ ದ ಪ್ಲೇಟ್’. ಉತ್ತರ ಇಲ್ಲಂದ್ರ ‘ಫಾಲ್’: ಗೋಕಾಕದಾಗ ಘಟಪ್ರಭಾ 52 ಮೀಟರ್ ‘ಫಾಲ್ಸ್’. (ಗಿಡ ಕಡಿದು ಉರುಳಿಸೋ ‘ಫೆಲ್’ ಬ್ಯಾರೆ ಕ್ರಿಯಾಪದ, ಅದರ ಭೂತಕಾಲ ‘ಫೆಲ್ಡ್’. ಗೊಂದಲ ಅಲ್ಲೇ ಹೆಚ್ಚು.)

ಆಮ್ಯಾಲೆ, ಬೀಳದ ನಮ್ಮ ಹಿಡಿತದಾಗ ಇಳಿಯೋದಾ ನೋಡ್ರಿ. ಗೋಳಗುಮ್ಮಟದ ಮೆಟ್ಟಿಲಿಗೆ ಮಾತಿನಾಗ ‘ಕಮ್ ಡೌನ್’, ಬರಹದಾಗ ‘ಡಿಸೆಂಡ್’. ಬಸ್ಸಿಂದ ‘ಗೆಟ್ ಆಫ್’. ‘ಗೆಟ್ ಡೌನ್’ ನಮ್ಮ ಕಡೆ ಎಲ್ಲರಿಗೂ ತಿಳೀತದ, ಪರೀಕ್ಷೆಯಾಗ ಮಾತ್ರ ಬ್ಯಾಡ.

ಆಲಮಟ್ಟಿ ನೀರಿನ ಮಟ್ಟಕ್ಕ ‘ಫಾಲ್’, ‘ಡ್ರಾಪ್’ ಎರಡೂ ನಡೀತಾವ. ದಿಢೀರ್ ಇಳಿದಿದ್ರ ನಾ ‘ಡ್ರಾಪ್’ ಬರೀತೀನಿ.